ವಸ್ತುವಿಗಿಂತ ಸಾಗಣೆಯೇ ದುಬಾರಿ: ವಿದೇಶಿ ಪಾರ್ಸೆಲ್‌ನ ಬಿಲ್ ಹೀಗೇಕೆ?

ಅಕ್ಟೋಬರ್ ಚಾಟ್ನಿ ಹತ್ತಿರ ಬಂದಿದೆ. ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರ ಜಪಾನಿ ಕತ್ತರಿಯ ಬ್ಲೇಡು ಸವೆದಿದೆ, ಸ್ಪ್ರಿಂಗ್ ಮುರಿದಿದೆ ಎಂದುಕೊಳ್ಳೋಣ. ವಿಜಯಪುರದ ಅಂಗಡಿಗಳಲ್ಲಿ ಆ ಬಿಡಿಭಾಗ ಸಿಗಲಿಲ್ಲ. ಮಗ ಮೊಬೈಲ್‌ನಲ್ಲಿ ಹುಡುಕಿದಾಗ ವಿದೇಶದ ಮಾರಾಟಗಾರನೊಬ್ಬನ ಬಳಿ ಸಿಕ್ಕಿತು. ಬೆಲೆ 800 ರೂಪಾಯಿ. ಖುಷಿಯಿಂದ ಮುಂದಿನ ಪುಟಕ್ಕೆ ಹೋದರೆ ಸಾಗಣೆ ವೆಚ್ಚ 2,400 ರೂಪಾಯಿ!

ಇಂಥ ಬಿಲ್ ನೋಡಿದ ತಕ್ಷಣ ನಮ್ಮಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: "ಇದು ಮೋಸ." ಈ ಲೆಕ್ಕ ನಿಜಕ್ಕೂ ಮೋಸವೇ? ಅಲ್ಲವಾದರೆ ಅಷ್ಟು ಹಣ ಎಲ್ಲಿಗೆ ಹೋಗುತ್ತದೆ? ಮೇಲಿನ ಅಂಕಿಗಳು ಕೇವಲ ಉದಾಹರಣೆ, ಆದರೆ ಅವುಗಳ ಹಿಂದಿನ ಲೆಕ್ಕಾಚಾರ ನಿಜವಾದದ್ದು. ಒಂದೊಂದೇ ನಂಬಿಕೆಯನ್ನು ಪರಿಶೀಲಿಸೋಣ.

ನಂಬಿಕೆ 1: ದೂರ ಹೆಚ್ಚು, ಆದ್ದರಿಂದ ವೆಚ್ಚ ಹೆಚ್ಚು

ದೂರ ಒಂದು ಕಾರಣ ಹೌದು, ಆದರೆ ದೊಡ್ಡ ಕಾರಣ ಅಲ್ಲ. ಇದಕ್ಕೆ ನಮ್ಮ ಒಣದ್ರಾಕ್ಷಿಯೇ ಸಾಕ್ಷಿ. ತಿಕೋಟಾ, ಬಬಲೇಶ್ವರ ಭಾಗದ ಶೆಡ್‌ಗಳಲ್ಲಿ ಒಣಗಿದ ಮಣೂಕವನ್ನು 20 ಅಡಿ ಉದ್ದದ ಕಂಟೇನರ್‌ನಲ್ಲಿ ತುಂಬಿ, ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಿಂದ ಹಡಗಿನಲ್ಲಿ ವಿದೇಶಕ್ಕೆ ಕಳಿಸುತ್ತೇವೆ ಎಂದುಕೊಳ್ಳಿ. ಕಂಟೇನರ್‌ನಲ್ಲಿ 20 ಟನ್ ಮಾಲು, ಬಾಡಿಗೆ 2 ಲಕ್ಷ ರೂಪಾಯಿ ಎಂದು ಹಿಡಿದರೆ ಕಿಲೋಗೆ ಬೀಳುವುದು 10 ರೂಪಾಯಿ. ಅದೇ ಸಾವಿರಾರು ಕಿಲೋಮೀಟರ್ ದೂರದಿಂದ ಬರುವ 300 ಗ್ರಾಂ ಬಿಡಿಭಾಗಕ್ಕೆ ಮಾತ್ರ 2,400 ರೂಪಾಯಿ.

ವ್ಯತ್ಯಾಸ ಇರುವುದು ದೂರದಲ್ಲಲ್ಲ, ಒಟ್ಟಿಗೆ ಸಾಗುವುದರಲ್ಲಿ. ವಿಜಯಪುರದಿಂದ ತಿಕೋಟಾಕ್ಕೆ ಟಂಟಂನಲ್ಲಿ ಹತ್ತು ಜನರ ಜೊತೆ ಕುಳಿತು ಹೋದರೆ ಒಂದು ಸೀಟಿನ ದುಡ್ಡು ಸಾಕು. ಒಬ್ಬರೇ ಹೋಗಬೇಕೆಂದರೆ ಇಡೀ ಗಾಡಿಯ ಬಾಡಿಗೆ ಕೊಡಬೇಕು. ರಸ್ತೆ ಅದೇ, ದೂರವೂ ಅದೇ.

ಹಡಗಿನ ಸಾಗಣೆ ಇಷ್ಟು ಅಗ್ಗವಾಗಿದ್ದು ಕಂಟೇನರ್‌ನಿಂದ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿ 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ 58 ಕಂಟೇನರ್‌ಗಳನ್ನು ಸಾಗಿಸಿದರು. ಆ ಕಾಲದಲ್ಲಿ ಬಿಡಿ ಸರಕನ್ನು ಕೂಲಿಗಳ ಕೈಯಿಂದ ಹಡಗಿಗೆ ತುಂಬಿಸಲು ಟನ್‌ಗೆ ಸುಮಾರು 5.83 ಡಾಲರ್ ಬೀಳುತ್ತಿತ್ತು. ಕಂಟೇನರ್‌ನಲ್ಲಿ ಅದು 16 ಸೆಂಟ್‌ಗೆ ಇಳಿಯಿತು. ಅಂದರೆ ದುಬಾರಿಯಾಗಿದ್ದುದು ಸಮುದ್ರಯಾನಕ್ಕಿಂತ ಹೆಚ್ಚಾಗಿ ಸರಕನ್ನು ಎತ್ತಿ ಇಳಿಸುವ ಕೆಲಸ. ನಿಮ್ಮ ಪುಟ್ಟ ಪಾರ್ಸೆಲ್‌ನ ಸಮಸ್ಯೆಯೂ ಇದೇ. ಅದನ್ನು ಒಬ್ಬರು ಮನೆಯಿಂದ ಪಡೆಯಬೇಕು, ವಿಂಗಡಿಸಬೇಕು, ವಿಮಾನಕ್ಕೆ ಹಾಕಬೇಕು, ಕಸ್ಟಮ್ಸ್‌ಗೆ ತೋರಿಸಬೇಕು, ಮತ್ತೆ ವಿಂಗಡಿಸಿ ನಿಮ್ಮ ಬಾಗಿಲಿಗೆ ತರಬೇಕು. 300 ಗ್ರಾಂ ಇದ್ದರೂ 3 ಕಿಲೋ ಇದ್ದರೂ ಈ ಕೈಕೆಲಸ ಬಹುತೇಕ ಅಷ್ಟೇ.

ನಂಬಿಕೆ 2: ತೂಕ ಕಡಿಮೆ, ಆದ್ದರಿಂದ ವೆಚ್ಚವೂ ಕಡಿಮೆ ಇರಬೇಕು

ವಿಮಾನದಲ್ಲಿ ತೂಕದಷ್ಟೇ ಜಾಗಕ್ಕೂ ಬೆಲೆ ಇದೆ. ಹತ್ತಿಯ ಮೂಟೆ ಹಗುರ, ಆದರೆ ಗಾಡಿ ತುಂಬಿಬಿಡುತ್ತದೆ. ಅದಕ್ಕಾಗಿ ಕೊರಿಯರ್ ಕಂಪನಿಗಳು 'ಗಾತ್ರದ ತೂಕ' ಎಂಬ ಲೆಕ್ಕ ಇಟ್ಟುಕೊಂಡಿವೆ. ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಸೂತ್ರ. ಬಂದ ಸಂಖ್ಯೆ ಮತ್ತು ನಿಜವಾದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ.

ನಮ್ಮ ಬ್ಲೇಡನ್ನು ಮಾರಾಟಗಾರ ತನ್ನ ಬಳಿ ಇದ್ದ 30×20×15 ಸೆಂಟಿಮೀಟರ್ ಡಬ್ಬಿಯಲ್ಲಿ ಹಾಕಿದ ಎಂದುಕೊಳ್ಳಿ. 9,000ವನ್ನು 5,000ದಿಂದ ಭಾಗಿಸಿದರೆ 1.8. ಅಂದರೆ 300 ಗ್ರಾಂ ವಸ್ತುವಿಗೆ ನೀವು 1.8 ಕಿಲೋ ಲೆಕ್ಕದಲ್ಲಿ ಹಣ ಕೊಡುತ್ತಿದ್ದೀರಿ. ಉಳಿದದ್ದೆಲ್ಲ ಡಬ್ಬಿಯೊಳಗಿನ ಗಾಳಿಯ ಬಾಡಿಗೆ! "ಸಣ್ಣ ಲಕೋಟೆಯಲ್ಲಿ, ಸಾಧ್ಯವಾದರೆ ಅಂಚೆಯಲ್ಲಿ ಕಳಿಸಿ" ಎಂದು ಮಾರಾಟಗಾರನಿಗೆ ಒಂದು ಸಂದೇಶ ಹಾಕಿದರೆ ಬಿಲ್ ಗಮನಾರ್ಹವಾಗಿ ಇಳಿಯಬಹುದು.

ನಂಬಿಕೆ 3: ಚೀನಾದಿಂದ ಫ್ರೀ ಬರುತ್ತಿತ್ತು, ಹಾಗಾದರೆ ಉಳಿದವರು ಸುಲಿಗೆ ಮಾಡುತ್ತಿದ್ದಾರೆ

ಕೆಲವು ವರ್ಷಗಳ ಹಿಂದೆ ನೂರು ರೂಪಾಯಿಯ ಸಾಮಾನು ಕೂಡ ಚೀನಾದಿಂದ ಸಾಗಣೆ ವೆಚ್ಚವಿಲ್ಲದೆ ಬರುತ್ತಿತ್ತು. ಇದರ ಹಿಂದೆ ಅಂಚೆಯ ಹಳೆಯ ಒಪ್ಪಂದವೊಂದಿದೆ. 1874ರಲ್ಲಿ ಸ್ವಿಟ್ಜರ್ಲೆಂಡ್‌ನ ಬರ್ನ್‌ನಲ್ಲಿ ವಿಶ್ವ ಅಂಚೆ ಒಕ್ಕೂಟದ ಬುನಾದಿ ಬಿತ್ತು. ಒಂದು ದೇಶದ ಅಂಚೆಯನ್ನು ಇನ್ನೊಂದು ದೇಶ ತನ್ನ ಊರುಗಳಲ್ಲಿ ಹಂಚಿಕೊಡಬೇಕು ಎಂಬುದು ಅದರ ತಿರುಳು. ಹೀಗೆ ಹಂಚಿಕೊಡುವ ದೇಶಕ್ಕೆ ಕಳಿಸುವ ದೇಶ ಶುಲ್ಕ ಕೊಡಬೇಕೆಂದು 1969ರಲ್ಲಿ ತೀರ್ಮಾನವಾಯಿತು. ಅಭಿವೃದ್ಧಿಶೀಲ ದೇಶಗಳಿಗೆ ಈ ಶುಲ್ಕ ಕಡಿಮೆ ಇತ್ತು. ಚೀನಾ ಆ ಪಟ್ಟಿಯ ಲಾಭ ಪಡೆಯಿತು. ಅಲ್ಲಿಂದ ಹೊರಡುತ್ತಿದ್ದ ಪಾರ್ಸೆಲ್‌ಗಳ ಸಂಖ್ಯೆಯೂ ದೊಡ್ಡದಿದ್ದುದರಿಂದ ಟಂಟಂ ಯಾವಾಗಲೂ ತುಂಬಿಯೇ ಹೊರಡುತ್ತಿತ್ತು.

ಇದು ಅನ್ಯಾಯ ಎಂದು ಅಮೆರಿಕ ತಕರಾರು ತೆಗೆಯಿತು. 2019ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ನಡೆದ ವಿಶೇಷ ಸಭೆಯ ನಂತರ ದೇಶಗಳು ತಮ್ಮ ಶುಲ್ಕವನ್ನು ಹಂತಹಂತವಾಗಿ ತಾವೇ ನಿಗದಿ ಮಾಡಿಕೊಳ್ಳಲು ದಾರಿಯಾಯಿತು. ಇತ್ತ ಭಾರತದಲ್ಲಿ 2020ರ ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ ಸೇರಿದಂತೆ 43 ಆ್ಯಪ್‌ಗಳಿಗೆ ನಿರ್ಬಂಧ ಬಿತ್ತು. ಹಾಗಾಗಿ ಆ ಹಳೆಯ 'ಫ್ರೀ' ಇಂದಿನ ಬೆಲೆಯನ್ನು ಅಳೆಯುವ ಸರಿಯಾದ ಅಳತೆಗೋಲಲ್ಲ.

ನಂಬಿಕೆ 4: 'ಗಿಫ್ಟ್' ಎಂದು ಬರೆಸಿದರೆ ತೆರಿಗೆ ಇಲ್ಲ

ಇದು ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ. ಹಿಂದೆ 5,000 ರೂಪಾಯಿವರೆಗಿನ ಉಡುಗೊರೆಗೆ ವಿನಾಯಿತಿ ಇತ್ತು. ಅದರ ದುರುಪಯೋಗವಾದ್ದರಿಂದ 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಜೀವರಕ್ಷಕ ಔಷಧಿ ಮತ್ತು ರಾಖಿ ಬಿಟ್ಟು, ಅಂಚೆ ಅಥವಾ ಕೊರಿಯರ್ ಮೂಲಕ 'ಉಡುಗೊರೆ' ಎಂದು ಹೇಳಿ ವಸ್ತು ತರಿಸುವುದನ್ನು ನಿಷೇಧಿಸಿತು. ನೀವು ಹಣ ಕೊಟ್ಟು ಕೊಂಡ ಬ್ಲೇಡಿಗೆ ಮಾರಾಟಗಾರ ಉಪಕಾರ ಮಾಡುವಂತೆ 'ಗಿಫ್ಟ್' ಎಂದು ಬರೆದರೆ ಪಾರ್ಸೆಲ್ ತಡೆಹಿಡಿಯಲ್ಪಡಬಹುದು, ಮುಟ್ಟುಗೋಲೂ ಆಗಬಹುದು. ಬೆಲೆ ಕಡಿಮೆ ತೋರಿಸುವುದೂ ಇಷ್ಟೇ ತಪ್ಪು. ದಾರಿಯಲ್ಲಿ ಮಾಲು ಕಳೆದುಹೋದರೆ ಪರಿಹಾರವೂ ಆ ಕಡಿಮೆ ಬೆಲೆಗೇ ಸಿಗುತ್ತದೆ.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಕಸ್ಟಮ್ಸ್ ಸುಂಕವನ್ನು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ, ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಹಾಗಾದರೆ 800ರ ಬ್ಲೇಡಿಗೆ 3,200 ರೂಪಾಯಿಯ ಮೇಲೆ ಸುಂಕವೇ? ಇಲ್ಲಿ ಗ್ರಾಹಕರ ಪರವಾದ ನಿಯಮವೊಂದಿದೆ. 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮದ ಪ್ರಕಾರ, ವಿಮಾನದಲ್ಲಿ ಬಂದ ಮಾಲಿಗೆ ಲೆಕ್ಕಕ್ಕೆ ಹಿಡಿಯುವ ಸಾಗಣೆ ವೆಚ್ಚ ವಸ್ತುವಿನ ಬೆಲೆಯ ಶೇ. 20 ಮೀರುವಂತಿಲ್ಲ. ಅಂದರೆ ವಿಮೆ ಬಿಟ್ಟು ನೋಡಿದರೆ 800 ಕೂಡಿಸು 160, ಒಟ್ಟು 960 ರೂಪಾಯಿಯ ಮೇಲೆ ಸುಂಕ. ಕೊರಿಯರ್‌ನವರು ಕೊಡುವ ಬಿಲ್‌ನಲ್ಲಿ ಈ ಅಂಕಿಯನ್ನು ತಪ್ಪದೆ ನೋಡಿ. ಸುಂಕದ ಮೇಲೆ ಜಿಎಸ್‌ಟಿ ಬೀಳುತ್ತದೆ, ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಕೊರಿಯರ್ ಕಂಪನಿಯ ಶುಲ್ಕವೂ ಸೇರಬಹುದು. ಸುಂಕದ ದರ ಬಜೆಟ್‌ಗಳಲ್ಲಿ ಬದಲಾಗುತ್ತಿರುವುದರಿಂದ ಕೊಳ್ಳುವ ದಿನದ ದರವನ್ನೇ ನೋಡಬೇಕು.

ಹಾಗಾದರೆ ಏನು ಮಾಡಬಹುದು?

ಮೊದಲು ಮನೆಬಾಗಿಲಿಗೆ ಬರುವ ಒಟ್ಟು ಬೆಲೆ ಲೆಕ್ಕ ಹಾಕಿ. ಕೆಲವು ಮಾರಾಟಗಾರರು ವಸ್ತುವಿನ ಬೆಲೆ ಇಳಿಸಿ ಸಾಗಣೆಯಲ್ಲಿ ಲಾಭ ಇಟ್ಟುಕೊಳ್ಳುವುದು ಸುಳ್ಳಲ್ಲ. ಇಬ್ಬರು ಮೂವರ ಒಟ್ಟು ಬೆಲೆ ಹೋಲಿಸಿದರೆ ಅದು ತಾನಾಗಿ ಬಯಲಾಗುತ್ತದೆ. ಸಾಂಗ್ಲಿ, ನಾಸಿಕ್ ಕಡೆಯ ದ್ರಾಕ್ಷಿ ಸಲಕರಣೆ ಅಂಗಡಿಗಳಿಗೂ ಒಂದು ಫೋನ್ ಮಾಡಿ ನೋಡಿ.

ಎರಡನೆಯದು ವಿಳಾಸ. ಪೇಟೆಯಿಂದ ದೂರದ ಊರುಗಳಿಗೆ ಕೆಲವು ಖಾಸಗಿ ಕೊರಿಯರ್‌ಗಳು ಹೆಚ್ಚುವರಿ ಶುಲ್ಕ ಹಾಕುತ್ತವೆ. ಬಬಲೇಶ್ವರದ ಪಿನ್‌ಕೋಡ್ ಹಾಕಿದಾಗ ಮತ್ತು ವಿಜಯಪುರ ನಗರದ ನೆಂಟರ ಮನೆಯ ಪಿನ್‌ಕೋಡ್ ಹಾಕಿದಾಗ ಎಷ್ಟು ತೋರಿಸುತ್ತದೆ ಎಂದು ಎರಡನ್ನೂ ನೋಡಿ. ಅಂಚೆಯಲ್ಲಾದರೆ ಹಳ್ಳಿಗೂ ಅಂಚೆಯವರೇ ತಲುಪಿಸುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಚಾಟ್ನಿಗೆ ಎರಡು ತಿಂಗಳು ಮೊದಲೇ ತರಿಸಿ.

ಮೂರನೆಯದು ಒಟ್ಟಿಗೆ ಕೊಳ್ಳುವುದು. ನಾಲ್ಕು ಮನೆಯವರಿಗೆ ಬೇಕಾದ ಬ್ಲೇಡುಗಳು ಒಂದೇ ಲಕೋಟೆಯಲ್ಲಿ ಬಂದರೆ ಸಾಗಣೆ ವೆಚ್ಚ ಹಂಚಿಹೋಗುತ್ತದೆ. ಆದರೆ ತರಿಸಿ ಮಾರುವುದು ವ್ಯಾಪಾರ, ಅದಕ್ಕೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ರೈತ ಉತ್ಪಾದಕ ಕಂಪನಿಯ ಮೂಲಕ ಆ ದಾರಿ ಹಿಡಿಯಬಹುದು.

ಕೊನೆಯದಾಗಿ ಒಂದು ಎಚ್ಚರಿಕೆ. "ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ, ಈ ನಂಬರ್‌ಗೆ ಹಣ ಹಾಕಿ" ಎಂಬ ಫೋನ್ ಬಂದರೆ ಹಣ ಕಳಿಸಬೇಡಿ. ಕಸ್ಟಮ್ಸ್ ಅಧಿಕಾರಿಗಳು ಯಾರದೋ ವೈಯಕ್ತಿಕ ಖಾತೆಗೆ ಹಣ ಕೇಳುವುದಿಲ್ಲ. ಇಲಾಖೆಯ ಪತ್ರಗಳ ಮೇಲೆ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ಪರೀಕ್ಷಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

2,400 ರೂಪಾಯಿಯ ಸಾಗಣೆ ಬಿಲ್ ಬಹುತೇಕ ಸಲ ಮೋಸವಲ್ಲ. ಅದು ಒಂಟಿ ಪಾರ್ಸೆಲ್‌ನ ಬೆಲೆ. ನಿಜವಾದ ಮೋಸ ನಡೆಯುವುದು, ಆ ಬಿಲ್ ತಪ್ಪಿಸಿಕೊಳ್ಳಲು ನಾವು ಹುಡುಕುವ ಅಡ್ಡದಾರಿಗಳಲ್ಲಿ ಮತ್ತು ಪಾರ್ಸೆಲ್‌ಗಾಗಿ ಕಾಯುತ್ತಿರುವಾಗ ಬರುವ ಅಪರಿಚಿತ ಕರೆಗಳಲ್ಲಿ.