ಮೋಟರ್‌ಹೋಮ್‌ನಲ್ಲಿ ಪ್ಲಗ್ ಪಾಯಿಂಟ್ ಸತ್ತರೆ ದೋಷ ಹುಡುಕುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಲು ಹೋಗುವ ನಮ್ಮ ರಾಜ್ಯದ ಹಿರಿಯರಿಗೆ ಮೋಟರ್‌ಹೋಮ್ ಪ್ರವಾಸ ಈಗ ತೀರಾ ಅಪರಿಚಿತವೇನಲ್ಲ. ಅಡುಗೆಮನೆ, ಸ್ನಾನಗೃಹ, ಮಲಗುವ ಮಂಚ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡು ಓಡುವ ಈ ಗಾಲಿಮನೆಯನ್ನು ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್‌ಗಳತ್ತ ಹೊರಡುವ ಕನ್ನಡ ಕುಟುಂಬಗಳಿವೆ. ಪ್ರವಾಸದ ನಡುವೆ ಎದುರಾಗುವ ತೊಡಕುಗಳಲ್ಲಿ ಒಂದು ಹೀಗಿರುತ್ತದೆ: ಚಾವಣಿಯ ದೀಪ ಉರಿಯುತ್ತಿದೆ, ನೀರಿನ ಪಂಪು ಓಡುತ್ತಿದೆ, ಆದರೆ ಗೋಡೆಯ ಪ್ಲಗ್ ಪಾಯಿಂಟ್‌ಗೆ ಮಾತ್ರ ಕರೆಂಟ್ ಇಲ್ಲ. ಕಾಫಿಗೆ ನೀರು ಕಾಯಿಸಲಾಗದಿದ್ದರೆ ಹೇಗೋ ನಡೆದೀತು. ರಾತ್ರಿ ಉಸಿರಾಟದ ಯಂತ್ರ ಹಾಕಿಕೊಂಡೇ ಮಲಗಬೇಕಾದ ಹಿರಿಯರು ಜೊತೆಗಿದ್ದರೆ ಇದು ಗಂಭೀರ ಸಂಗತಿ.

ಇಂಥ ಸಂದರ್ಭದಲ್ಲಿ ಸ್ಕ್ರೂಡ್ರೈವರ್ ಹಿಡಿದು ಪಾಯಿಂಟ್ ಬಿಚ್ಚಲು ಹೊರಡುವುದು ಸರಿಯಲ್ಲ. ಬಹಳಷ್ಟು ಸಲ ದೋಷವಿರುವುದು ಸತ್ತ ಪಾಯಿಂಟ್‌ನಲ್ಲಲ್ಲ. ವಿದ್ಯುತ್ ಅಲ್ಲಿಗೆ ತಲುಪುವ ಹಾದಿಯಲ್ಲಿ. ಆ ಹಾದಿಯನ್ನು ಮೂಲದಿಂದ ಆರಂಭಿಸಿ ಕ್ರಮವಾಗಿ ನೋಡುತ್ತಾ ಬಂದರೆ ಕಾರಣ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ.

ಒಂದೇ ಮನೆ, ಎರಡು ವಿದ್ಯುತ್

ದೀಪ ಉರಿಯುತ್ತಿರುವಾಗ ಪಾಯಿಂಟ್ ಸಾಯುವುದು ಹೇಗೆ? ಮೋಟರ್‌ಹೋಮ್‌ನಲ್ಲಿ ಎರಡು ಬೇರೆ ಬೇರೆ ವಿದ್ಯುತ್ ವ್ಯವಸ್ಥೆಗಳಿರುವುದೇ ಇದಕ್ಕೆ ಉತ್ತರ. ದೀಪ, ಪಂಪು, ಸಣ್ಣ ಫ್ಯಾನುಗಳು 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತವೆ. ಗೋಡೆಯ ಪಾಯಿಂಟ್, ಮೈಕ್ರೋವೇವ್, ಹವಾನಿಯಂತ್ರಕಗಳಿಗೆ ಬೇಕಾದದ್ದು 120 ವೋಲ್ಟ್ ವಿದ್ಯುತ್. ಆದ್ದರಿಂದ ದೀಪ ಉರಿಯುತ್ತಿದೆ ಎಂಬುದು ಪಾಯಿಂಟ್‌ಗೆ ವಿದ್ಯುತ್ ಬರುತ್ತಿದೆ ಎಂಬುದಕ್ಕೆ ಸಾಕ್ಷಿಯಾಗದು.

ಇಲ್ಲೊಂದು ಎಚ್ಚರಿಕೆ. ನಮ್ಮಲ್ಲಿ ಮನೆಗೆ ಬರುವುದು 230 ವೋಲ್ಟ್. ಊರಿನಿಂದ ಒಯ್ದ ಮಿಕ್ಸಿ ಅಲ್ಲಿ ಸರಿಯಾಗಿ ಓಡದಿದ್ದರೆ ಪಾಯಿಂಟ್ ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಪರೀಕ್ಷೆಗೆ ಅಲ್ಲಿಯೇ ಕೊಂಡ ಟೇಬಲ್ ಲ್ಯಾಂಪ್ ಬಳಸುವುದು ಮೇಲು.

ವಿದ್ಯುತ್ ಎಲ್ಲಿಂದ ಬರುತ್ತಿದೆ?

120 ವೋಲ್ಟ್ ವಿದ್ಯುತ್ತಿಗೆ ಮೂರು ಮೂಲಗಳಿವೆ. ಒಂದು, ತಂಗುದಾಣದ ವಿದ್ಯುತ್ ಕಂಬದಿಂದ ದಪ್ಪ ಕೇಬಲ್ಲಿನ ಮೂಲಕ ಬರುವ ಸಂಪರ್ಕ. ಎರಡು, ವಾಹನದಲ್ಲಿಯೇ ಇರುವ ಜನರೇಟರ್. ಮೂರು, ಬ್ಯಾಟರಿಯ 12 ವೋಲ್ಟನ್ನು 120 ವೋಲ್ಟಿಗೆ ಏರಿಸಿಕೊಡುವ ಇನ್ವರ್ಟರ್. ಎಲ್ಲ ವಾಹನಗಳಲ್ಲೂ ಇನ್ವರ್ಟರ್ ಇರುವುದಿಲ್ಲ. ಇದ್ದರೂ ಹಲವೆಡೆ ಅದಕ್ಕೆ ಸೇರಿಸಿರುವುದು ಕೆಲವೇ ಪಾಯಿಂಟ್‌ಗಳನ್ನು. ಲೋಡ್‌ಶೆಡ್ಡಿಂಗ್ ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರೆಂಟ್ ಹೋದಾಗ ಹಜಾರದ ಫ್ಯಾನು ತಿರುಗುತ್ತದೆ, ಗ್ರೈಂಡರ್‌ನ ಪಾಯಿಂಟ್ ಮಾತ್ರ ಸುಮ್ಮನಿರುತ್ತದೆ.

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗಿನ ತಂಗುದಾಣಗಳಲ್ಲಿ ವಾಹನಕ್ಕೆ ವಿದ್ಯುತ್ ಸಂಪರ್ಕ ದೊರೆಯುವುದು ಫಿಶಿಂಗ್ ಬ್ರಿಜ್‌ನಲ್ಲಿ ಮಾತ್ರ. ಉಳಿದ ಕಡೆ ಜನರೇಟರ್ ನಡೆಸಲು ಅನುಮತಿ ಇದ್ದರೂ ಅದು ಹಗಲಿನ ನಿಗದಿತ ವೇಳೆಗಷ್ಟೇ. ಅಂಥಲ್ಲಿ ರಾತ್ರಿ ಪಾಯಿಂಟ್ ಕೆಲಸ ಮಾಡದಿರುವುದು ದೋಷವೇ ಅಲ್ಲ. ಉಸಿರಾಟದ ಯಂತ್ರ ಬಳಸುವವರು ಅದನ್ನು 12 ವೋಲ್ಟಿನಲ್ಲಿ ನಡೆಸುವ ಅಡಾಪ್ಟರನ್ನೋ ಪ್ರತ್ಯೇಕ ಬ್ಯಾಟರಿಯನ್ನೋ ಹೊರಡುವ ಮುನ್ನವೇ ಹೊಂದಿಸಿಕೊಳ್ಳಬೇಕು.

ಹೊರಗಿನಿಂದ ಒಳಗೆ

ಕಂಬದ ಸಂಪರ್ಕವಿದ್ದೂ ಪಾಯಿಂಟ್ ಸತ್ತಿದ್ದರೆ ಪರಿಶೀಲನೆ ಕಂಬದಿಂದಲೇ ಆರಂಭವಾಗಬೇಕು. ಅಲ್ಲಿನ ಬ್ರೇಕರ್ ಬಿದ್ದಿದೆಯೇ ನೋಡಿ. ಬಿದ್ದ ಬ್ರೇಕರಿನ ಕಡ್ಡಿ ಎಷ್ಟೋ ವೇಳೆ ಆನ್ ಮತ್ತು ಆಫ್‌ಗಳ ನಡುವೆ ನಿಂತಿರುತ್ತದೆ. ಅದನ್ನು ಪೂರ್ತಿ ಆಫ್ ಕಡೆಗೆ ಒತ್ತಿದ ಬಳಿಕವೇ ಆನ್ ಮಾಡಬೇಕು. ನಂತರ ಬ್ರೇಕರ್ ಆಫ್ ಮಾಡಿ ಪ್ಲಗ್ ಕಳಚಿ ಅದರ ಕಾಲುಗಳನ್ನು ಪರೀಕ್ಷಿಸಿ. ಕಪ್ಪಾಗಿದ್ದರೆ, ಸುಟ್ಟಿದ್ದರೆ ಆ ಕಂಬವನ್ನು ಬಳಸದೆ ತಂಗುದಾಣದವರಿಂದ ಬೇರೆ ಜಾಗ ಕೇಳುವುದು ಲೇಸು.

ಸಂಪರ್ಕ ಕೊಟ್ಟ ಕೂಡಲೇ ವಿದ್ಯುತ್ ಬರಲಿಲ್ಲವೆಂದು ಆತುರ ಪಡಬಾರದು. ಕಂಬದ ವಿದ್ಯುತ್ತೋ ಜನರೇಟರಿನದೋ ಎಂಬುದನ್ನು ತಾನೇ ಆಯ್ದುಕೊಳ್ಳುವ ಸ್ವಿಚ್ ಹಲವು ವಾಹನಗಳಲ್ಲಿ ಇದ್ದು, ಅದು ತುಸು ಕಾದು ಬದಲಾಗುತ್ತದೆ. ವೋಲ್ಟೇಜ್ ಪರೀಕ್ಷಿಸುವ ರಕ್ಷಣಾ ಸಾಧನ ಅಳವಡಿಸಿದ್ದರೆ ಒಂದೆರಡು ನಿಮಿಷವೂ ಹಿಡಿಯಬಹುದು. ಜನರೇಟರ್ ಓಡುತ್ತಿದ್ದೂ ಪಾಯಿಂಟ್‌ಗೆ ವಿದ್ಯುತ್ ಇಲ್ಲದಿದ್ದರೆ ಅದರ ಮೈಮೇಲೆಯೇ ಇರುವ ಬ್ರೇಕರನ್ನೂ, ಇನ್ವರ್ಟರ್ ಬಳಸುತ್ತಿದ್ದರೆ ಅದರ ರೀಸೆಟ್ ಗುಂಡಿಯನ್ನೂ ನೋಡಬೇಕು. ಬ್ಯಾಟರಿ ಬರಿದಾದರೆ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ.

ಇಷ್ಟಾದ ಮೇಲೆ ವಾಹನದೊಳಗಿನ ಬ್ರೇಕರ್ ಪೆಟ್ಟಿಗೆಗೆ ಬನ್ನಿ. ಮೈಕ್ರೋವೇವ್ ನಡೆಯುತ್ತಿದ್ದು ಪಾಯಿಂಟ್‌ಗಳು ಮಾತ್ರ ಸತ್ತಿದ್ದರೆ, ಕಂಬದಿಂದ ಪೆಟ್ಟಿಗೆಯವರೆಗೆ ವಿದ್ಯುತ್ ಬಂದಿದೆ, ತೊಂದರೆ ಅದರ ಮುಂದಿದೆ ಎಂದು ತಿಳಿಯಬಹುದು.

ಸ್ನಾನದಮನೆಯ ಕಾವಲುಗಾರ

ಬ್ರೇಕರುಗಳೆಲ್ಲ ಸರಿಯಿದ್ದೂ ಅಡುಗೆಕಟ್ಟೆಯ ಪಾಯಿಂಟ್ ಸತ್ತಿದೆಯೇ? ಹಾಗಾದರೆ ಸ್ನಾನದಮನೆಗೆ ಹೋಗಿ ನೋಡಿ. ಅಲ್ಲಿ ಟೆಸ್ಟ್ ಮತ್ತು ರೀಸೆಟ್ ಎಂಬ ಎರಡು ಗುಂಡಿಗಳಿರುವ ಪಾಯಿಂಟ್ ಇರುತ್ತದೆ. ಇದನ್ನು ಜಿಎಫ್‌ಸಿಐ ಎನ್ನುತ್ತಾರೆ. ಅಡುಗೆಕಟ್ಟೆಯ ಮತ್ತು ವಾಹನದ ಹೊರಮೈಯ ಪಾಯಿಂಟ್‌ಗಳನ್ನು ಎಷ್ಟೋ ವಾಹನಗಳಲ್ಲಿ ಇದರ ಮೂಲಕವೇ ಎಳೆದಿರುತ್ತಾರೆ. ಇದೊಂದು ಬಿದ್ದರೆ ಅವೆಲ್ಲವೂ ಸಾಯುತ್ತವೆ. ರೀಸೆಟ್ ಒತ್ತಿದರೆ ಎಲ್ಲವಕ್ಕೂ ಜೀವ ಬರಬಹುದು. ಹೊಸ ಮಾದರಿಗಳಲ್ಲಿ ಮೂಲ ವಿದ್ಯುತ್ ಇಲ್ಲದಿದ್ದರೆ ಈ ಗುಂಡಿ ಕೂರುವುದೇ ಇಲ್ಲ. ಬ್ರೇಕರುಗಳನ್ನು ಮೊದಲು ನೋಡಬೇಕೆಂದದ್ದು ಈ ಕಾರಣಕ್ಕೆ.

ಇದರ ಕೆಲಸ ನಮ್ಮ ಮನೆಗಳ ಇಎಲ್‌ಸಿಬಿಯದನ್ನು ಹೋಲುತ್ತದೆ. ಹೋದಷ್ಟೇ ವಿದ್ಯುತ್ ಹಿಂದಿರುಗುತ್ತಿದೆಯೇ ಎಂದು ಅದು ಸದಾ ತೂಗಿ ನೋಡುತ್ತದೆ. ಸುಮಾರು 5 ಮಿಲಿ ಆಂಪಿಯರ್‌ನಷ್ಟು ವ್ಯತ್ಯಾಸ ಕಂಡರೂ, ಅದು ಯಾರದಾದರೂ ದೇಹದ ಮೂಲಕ ನೆಲಕ್ಕೆ ಹರಿಯುತ್ತಿರಬಹುದೆಂದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ನಮ್ಮ ಮನೆಗಳಲ್ಲಿ ಇದೇ ಕೆಲಸಕ್ಕೆ ಸಾಮಾನ್ಯವಾಗಿ ಹಾಕುವ ಸಾಧನದ ಮಿತಿ 30 ಮಿಲಿ ಆಂಪಿಯರ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್ 1961ರಲ್ಲಿ ಈ ಸಾಧನವನ್ನು ರೂಪಿಸಿದರು. ಮನುಷ್ಯನ ದೇಹದ ಮೇಲೆ ವಿದ್ಯುತ್ ಆಘಾತದ ಪರಿಣಾಮವನ್ನು ದೀರ್ಘಕಾಲ ಅಭ್ಯಸಿಸಿದ ವಿಜ್ಞಾನಿ ಅವರು. ಅಮೆರಿಕದ ವಿದ್ಯುತ್ ಸಂಹಿತೆ 1975ರಲ್ಲಿ ಮನೆಗಳ ಸ್ನಾನದಮನೆ ಪಾಯಿಂಟ್‌ಗಳಿಗೆ ಈ ರಕ್ಷಣೆಯನ್ನು ಕಡ್ಡಾಯಗೊಳಿಸಿತು.

ರೀಸೆಟ್ ಒತ್ತಿದರೂ ಮತ್ತೆ ಮತ್ತೆ ಬಿದ್ದರೆ? ಮೊದಲು ಎಲ್ಲ ಉಪಕರಣಗಳನ್ನೂ ಕಳಚಿ ಒತ್ತಿ ನೋಡಬೇಕು. ನಿಂತರೆ, ಒಂದೊಂದಾಗಿ ಸಿಕ್ಕಿಸಿ ದೋಷಿ ಯಾವುದೆಂದು ಕಂಡುಕೊಳ್ಳಬಹುದು. ಏನೂ ಇಲ್ಲದಿದ್ದರೂ ಬಿದ್ದರೆ ಹೊರಮೈಯ ಪಾಯಿಂಟ್‌ಗೆ ಮಳೆನೀರು ಇಳಿದಿರಬಹುದು. ಅದು ಒಣಗುವವರೆಗೆ ಕಾಯಬೇಕು. ಅನಂತರವೂ ನಿಲ್ಲದಿದ್ದರೆ ಸೋರಿಕೆ ವೈರಿಂಗ್‌ನಲ್ಲಿರಬಹುದು, ಇಲ್ಲವೇ ಜಿಎಫ್‌ಸಿಐ ಸಾಧನವೇ ಸವೆದಿರಬಹುದು. ಅದು ಎಲೆಕ್ಟ್ರಿಷಿಯನ್ ನೋಡಬೇಕಾದ ಕೆಲಸ. ಇದರ ಕಾಟ ತಾಳಲಾರದೆ ಸಾದಾ ಪಾಯಿಂಟ್ ಹಾಕಿಸುವುದೆಂದರೆ, ಕಳ್ಳ ಬಂದನೆಂದು ಬೊಗಳಿದ ನಾಯಿಯನ್ನೇ ಹೊರಗಟ್ಟಿದಂತೆ.

ಲೆಕ್ಕ ತಪ್ಪಿದರೆ ಬ್ರೇಕರ್ ಬೀಳುತ್ತದೆ

ಕಾಲುಗಳು ಮೂರಿರುವ 30 ಆಂಪಿಯರ್ ಸಂಪರ್ಕದಲ್ಲಿ ದೊರೆಯುವುದು 30 ಗುಣಿಸು 120, ಅಂದರೆ 3,600 ವಾಟ್. ಹವಾನಿಯಂತ್ರಕ, ಮೈಕ್ರೋವೇವ್, ಕೆಟಲ್ ಒಂದೊಂದೂ ಸುಮಾರು 1,500 ವಾಟ್ ಬೇಡುತ್ತವೆ. ಮೂರನ್ನೂ ಒಟ್ಟಿಗೆ ನಡೆಸಿದರೆ 4,500 ವಾಟ್ ಆಗಿ ಬ್ರೇಕರ್ ಬೀಳುವುದು ಸಹಜ. ಇಲ್ಲಿ ಕೆಟ್ಟದ್ದು ಏನೂ ಇಲ್ಲ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ನಡೆಸಿದರೆ ಸಾಕು. ನೆಂಟರ ಮನೆಯ ಅಂಗಳದಲ್ಲಿ ನಿಲ್ಲಿಸಿ 15 ಆಂಪಿಯರ್ ಪಾಯಿಂಟ್‌ನಿಂದ ಸಂಪರ್ಕ ಪಡೆದರಂತೂ ಸಿಗುವುದು 1,800 ವಾಟ್ ಮಾತ್ರ.

ದೊಡ್ಡ ವಾಹನಗಳ 50 ಆಂಪಿಯರ್ ಪ್ಲಗ್ಗಿಗೆ ನಾಲ್ಕು ಕಾಲು. ಅದರಲ್ಲಿ ತಲಾ 50 ಆಂಪಿಯರ್‌ನ ಎರಡು ಲೈನ್ ಬರುತ್ತವೆ. ವಾಹನದ ಅರ್ಧಭಾಗದ ಪಾಯಿಂಟ್‌ಗಳು ಮಾತ್ರ ಸತ್ತಿದ್ದರೆ ಒಂದು ಲೈನ್ ತಪ್ಪಿರುವ ಸಾಧ್ಯತೆ ಹೆಚ್ಚು. ಕೆಲವು ಉಪಕರಣಗಳಿಗೆ ವೋಲ್ಟೇಜ್ ಏರಿ, ಉಳಿದವಕ್ಕೆ ಇಳಿದರೆ ನ್ಯೂಟ್ರಲ್ ಸಡಿಲಗೊಂಡಿರಬಹುದು. ಆಗ ತಡಮಾಡದೆ ಕಂಬದ ಬ್ರೇಕರ್ ಆಫ್ ಮಾಡಬೇಕು. ಇಲ್ಲವಾದರೆ ಉಪಕರಣಗಳು ಸುಟ್ಟುಹೋಗುತ್ತವೆ.

ಕೈಹಾಕಬಾರದ ಜಾಗ

ಮೋಟರ್‌ಹೋಮ್ ಎಂಬುದು ದಿನವಿಡೀ ಅಲುಗಾಡುವ ಮನೆ. ಆ ಅಲುಗಾಟಕ್ಕೆ ಪಾಯಿಂಟ್‌ಗಳ ಹಿಂದಿನ ತಂತಿ ಸಡಿಲಗೊಳ್ಳುವುದುಂಟು. ಪಾಯಿಂಟ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಚಟಪಟ ಸದ್ದು ಕೇಳಿಸಿದರೆ ಅಲ್ಲಿಗೆ ಪರೀಕ್ಷೆ ನಿಲ್ಲಿಸಿ ವಿದ್ಯುತ್ ಕಡಿದು ಬಾಡಿಗೆ ಸಂಸ್ಥೆಗೆ ಕರೆಮಾಡಬೇಕು.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಬೇರೊಂದಿದೆ. ವಾಹನದ ಬಾಗಿಲು, ಮೆಟ್ಟಿಲು ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಕಡಿದು ಲೋಹದ ಮೈಗೇ ವಿದ್ಯುತ್ ಹರಿದಿರಬಹುದು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟಿದವರ ಪ್ರಾಣಕ್ಕೇ ಇದು ಕುತ್ತು. ಟೈರುಗಳು ರಬ್ಬರಿನವಾದ್ದರಿಂದ ಆ ವಿದ್ಯುತ್ ನೆಲಕ್ಕೆ ಇಳಿದುಹೋಗದೆ, ಮುಟ್ಟಿದವರ ದೇಹವನ್ನೇ ಹಾದಿಯಾಗಿಸಿಕೊಳ್ಳುತ್ತದೆ. ವಾಹನವನ್ನು ಮತ್ತೆ ಮುಟ್ಟದೆ, ಮಕ್ಕಳನ್ನು ದೂರವಿಟ್ಟು ಕಂಬದ ಬ್ರೇಕರನ್ನು ಆಫ್ ಮಾಡುವುದು ಮೊದಲ ಕೆಲಸ. ಸಣ್ಣ ಶಾಕ್ ಎಂದು ಕಡೆಗಣಿಸಲೇಬಾರದು.

ಸಂಪರ್ಕ ಕೊಡುವ ಮುನ್ನ ಕಂಬವನ್ನೂ, ಕೊಟ್ಟ ಬಳಿಕ ವಾಹನದೊಳಗಿನ ಪಾಯಿಂಟ್‌ಗಳನ್ನೂ ಪರೀಕ್ಷಿಸಲು ಮೂರು ದೀಪಗಳ ಪುಟ್ಟ ಟೆಸ್ಟರ್ ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ವೈರಿಂಗ್‌ನ ಸಾಮಾನ್ಯ ದೋಷಗಳನ್ನು ಅದು ತೋರಿಸಬಲ್ಲದು, ಎಲ್ಲವನ್ನೂ ಅಲ್ಲ. ಬ್ರೇಕರನ್ನು ಒಮ್ಮೆ ಎತ್ತಿ ನೋಡಬಹುದು. ಹೊರೆ ಇಳಿಸಿದ ಮೇಲೂ ಅದು ಬಿದ್ದರೆ ಮೂರನೆಯ ಸಲ ಎತ್ತುವ ಹಟ ಬೇಡ. ಕಾಫಿ ಒಂದು ಗಂಟೆ ತಡವಾದರೂ ಚಿಂತೆಯಿಲ್ಲ, ಮೆಕ್ಯಾನಿಕ್ ಬರುವವರೆಗೆ ಕಾಯುವುದೇ ಕ್ಷೇಮ.