ಹವಳ: ಗಿಡವಲ್ಲ, ಕಲ್ಲೂ ಅಲ್ಲ

ತಾಳಿಯ ಕರಿಮಣಿಗಳ ನಡುವೆ ಹವಳ ಪೋಣಿಸುವ ರೂಢಿ ನಮ್ಮ ಮನೆತನಗಳಲ್ಲಿ ಹಳೆಯದು. ದಿನವೂ ಅದನ್ನು ಧರಿಸುವ ತಾಯಂದಿರಲ್ಲಿ ಅನೇಕರು ಅದನ್ನು ಕಲ್ಲೆಂದೇ ತಿಳಿದಿದ್ದಾರೆ. ಅದು ಕಡಲಿನ ಪ್ರಾಣಿಗಳು ಕಟ್ಟಿದ ಅಸ್ಥಿ.

ಸಂಸ್ಕೃತದ ಪ್ರವಾಳ ಶಬ್ದವು ಕನ್ನಡದಲ್ಲಿ ಪವಳವಾಗಿ, ಪಾಲು ಹಾಲಾದ ಹಾದಿಯಲ್ಲಿಯೇ ಸಾಗಿ ಹವಳವೆನಿಸಿತು. ಪ್ರವಾಳಕ್ಕೆ ಚಿಗುರೆಂಬ ಅರ್ಥವೂ ಉಂಟು. ಇನ್ನೊಂದು ಹೆಸರಾದ ವಿದ್ರುಮದಲ್ಲಿ ಮರವೇ ಅಡಗಿದೆ. ಹಿಂದಿನವರು ಅದನ್ನು ಕಡಲೊಳಗಿನ ಗಿಡವೆಂದು ಭಾವಿಸಿದ್ದರ ಗುರುತಿದು. ಯುರೋಪಿನ ಪಂಡಿತರೂ ಬೇರೆಯಾಗಿ ಎಣಿಸಿರಲಿಲ್ಲ. 1706ರಲ್ಲಿ ಇಟಲಿಯ ಮಾರ್ಸಿಗ್ಲಿ, ನೀರಿನಲ್ಲಿಟ್ಟ ಹವಳದ ಕೊಂಬೆಯ ಮೇಲೆ ಎಂಟೆಸಳಿನ ಬಿಳಿಯ ಹೂಗಳು ಅರಳಿದುದನ್ನು ಕಂಡೆನೆಂದರು. ಅವು ಹೂಗಳಲ್ಲ, ಪ್ರಾಣಿಗಳು ಎಂದು ಮಾರ್ಸೇಲ್ಸಿನ ವೈದ್ಯ ಪೇಸೊನೆಲ್ 1720ರ ದಶಕದಲ್ಲಿ ಸಾರಿದಾಗ ಪ್ಯಾರಿಸಿನ ವಿದ್ವತ್ಪರಿಷತ್ತು ಒಪ್ಪಲಿಲ್ಲ. ಕಡೆಗೆ ನಿಂತದ್ದು ವೈದ್ಯನ ಮಾತೇ.

ಆ ಎಸಳುಗಳು ಪ್ರಾಣಿಯ ತೋಳುಗಳು. ತೇಲಿ ಬರುವ ಸೂಕ್ಷ್ಮ ಆಹಾರವನ್ನು ಅವು ಬಾಯಿಗೆ ತುಂಬುತ್ತವೆ. ಪ್ರಾಣಿ ಬೆಳ್ಳಗಿದ್ದರೂ ನೀರಿನ ಸುಣ್ಣದಿಂದ ಅದು ಕಟ್ಟುವ ಆಸರೆ ಕೆಂಪು. ಗಜ್ಜರಿಗೆ ಬಣ್ಣವೀಯುವ ದ್ರವ್ಯದ ಬಳಗಕ್ಕೆ ಸೇರಿದುದೇ ಈ ಕೆಂಪು. ಕೊಂಬೆಯ ದಪ್ಪವು ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ಹೆಚ್ಚದು. ಕಡಲೆಕಾಳಿನಷ್ಟು ಮಣಿಗೆ ದಶಕಗಳೇ ಬೇಕು.

ಈ ಕೆಂಪು ಹವಳದ ಪ್ರಸಿದ್ಧ ನೆಲೆ ಮೆಡಿಟರೇನಿಯನ್ ಸಮುದ್ರ. ರೋಮನ್ನರಿಗೆ ಮುತ್ತು ಹೇಗೋ ಭಾರತೀಯರಿಗೆ ಹವಳ ಹಾಗೆ ಎಂದು ಒಂದನೆಯ ಶತಮಾನದ ಪ್ಲಿನಿ ಬರೆದಿದ್ದಾನೆ. ನಮ್ಮ ಮುರ್ಡೇಶ್ವರದ ಸಮೀಪದ ನೇತ್ರಾಣಿ ನಡುಗಡ್ಡೆಯ ಸುತ್ತಲೂ ಲಕ್ಷದ್ವೀಪದಲ್ಲೂ ಇರುವ ದಿಬ್ಬ ಕಟ್ಟುವ ಹವಳಗಳು ಬೇರೆ ಬಳಗದವು. ಅವುಗಳ ಮೈಯೊಳಗೆ ಪಾಚಿ ವಾಸಿಸಿ ಅನ್ನವನ್ನೂ ಬಣ್ಣವನ್ನೂ ಕೊಡುತ್ತದೆ. ಕಡಲು ಅತಿಯಾಗಿ ಕಾದರೆ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಕಾವು ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ ಆಯಿತು. ದಿಬ್ಬದ ಹವಳಗಳನ್ನು 1972ರ ವನ್ಯಜೀವಿ ಕಾಯಿದೆಯ ರಕ್ಷಣೆಗೆ ಒಳಪಡಿಸಲಾಗಿದೆ. ಪ್ರವಾಸಕ್ಕೆ ಹೋದವರು ತುಂಡನ್ನು ನೆನಪಿಗೆಂದು ಮುರಿದು ತರುವುದು ಅಪರಾಧ.

ನಮಗೆ ಹೆಚ್ಚು ನೋವು ತರುವ ಸಂಗತಿ ಬೇರೊಂದಿದೆ. ಕುಜದೋಷವೆಂದು ಹೆದರಿಸಿ, ಕನ್ಯೆಯ ತಂದೆತಾಯಿಗಳಿಗೆ ಹವಳದುಂಗುರ ಮಾರುವವರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಕೂಡಿಬಂದ ಸಂಬಂಧವನ್ನು ಜಾತಕದ ಕಾರಣಕ್ಕೆ ಕಳೆದುಕೊಂಡ ಮನೆಗಳನ್ನೂ ನಾವು ಕಂಡಿದ್ದೇವೆ. ಗ್ರಹಗತಿಯ ಶಂಕೆಯನ್ನು ತೊರೆದ ಶರಣರ ಸಂತತಿಯವರೆಂದು ಹೇಳಿಕೊಳ್ಳುತ್ತ, ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿ, ಮತ್ತೆ ಮಂಗಳಗ್ರಹಕ್ಕೆ ಅಂಜುವುದು ಯಾವ ಆಚಾರ? ಸಾವಿರಾರು ರೂಪಾಯಿಗೆ ಕೊಂಡದ್ದು ಎಷ್ಟೋ ವೇಳೆ ಕೆಂಪು ಗಾಜೋ ಪ್ಲಾಸ್ಟಿಕ್ಕೋ ಬಣ್ಣ ತುಂಬಿದ ಬೇರೆ ಜಾತಿಯ ಬಿಳಿ ಹವಳವೋ ಆಗಿರುತ್ತದೆ. ಅಷ್ಟು ಹಣ ಮಗಳ ಓದಿಗೆ ಒದಗಲಿ.

ಅಜ್ಜಿ ಕೊಟ್ಟ ಹವಳದ ಸರವನ್ನು ತೆಗೆದಿಡಿರೆಂದು ನಾವು ಹೇಳುತ್ತಿಲ್ಲ. ಪಾರಿಜಾತದ ತೊಟ್ಟಿನ ಬಣ್ಣದ ಆ ಸರ ಕಣ್ಣಿಗೆ ಹಿತ, ಸಂತೋಷದಿಂದ ಧರಿಸಿರಿ. ಆದರೆ ಒಡವೆ ತೊಳೆಯುವ ಹುಣಸೆಯ ನೀರಿಗೆ ಅದನ್ನು ಅದ್ದದಿರಿ. ಹುಳಿ ತಾಗಿದರೆ ಸುಣ್ಣ ಕರಗಿ ಹೊಳಪು ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.