ಕ್ಯಾಲೆಂಡರಿನ ಹಿಂದಿನ ಮಣ್ಣು

ಹುತ್ತ ಕಂಡರೆ ನಾವು ದಾರಿ ಬಿಟ್ಟು ನಡೀತೀವಿ. ನಾಗರಪಂಚಮಿ ಬಂತೆಂದರೆ ಹಾಲೆರೆಯುತ್ತೇವೆ. ಅದನ್ನು ಕಟ್ಟಿದ್ದು ಹಾವಲ್ಲ, ಗೆದ್ದಲು. ಹಾವು ಅಲ್ಲಿ ಬಾಡಿಗೆ ಕೊಡದ ಬಾಡಿಗೆದಾರ, ಅಷ್ಟೇ. ಇದು ಎಲ್ಲರಿಗೂ ಗೊತ್ತು ಬಿಡಿ, ಗಾದೆಯೇ ಇದೆ. ಆದರೆ ಮನೆ ತಿನ್ನೋಕೆ ಗೆದ್ದಲಿಗೆ ಹುತ್ತವೇ ಬೇಕಾಗಿಲ್ಲ ಅನ್ನೋದು ಎಷ್ಟು ಜನರಿಗೆ ಗೊತ್ತು? ಎಷ್ಟೋ ಜಾತಿಯ ಗೆದ್ದಲಿನ ಗೂಡು ಪೂರ್ತಿ ನೆಲದಡಿಯೇ ಇರುತ್ತೆ. ಅಂಗಳದಲ್ಲಿ ಹುತ್ತ ಇಲ್ಲ, ಹಾಗಾಗಿ ಗೆದ್ದಲೂ ಇಲ್ಲ ಅಂದುಕೊಂಡವನು ನಾನು.

ಊರಿನ ಮನೆಯಲ್ಲಿ ಅಮ್ಮ ಒಂದು ಸಲ ಹೇಳಿದ್ದರು, "ಕ್ಯಾಲೆಂಡರ್ ಹಿಂದೆ ಏನೋ ಮಣ್ಣು ಹತ್ತಿದೆ ಕಣೋ, ನೋಡು." ನಾನು ಫೋನಿನಿಂದ ತಲೆ ಎತ್ತದೆ, "ಕಣಜದ ಹುಳ ಗೂಡು ಕಟ್ಟಿರಬೇಕು ಬಿಡಮ್ಮಾ" ಅಂದೆ. ಕಣಜದ ಗೂಡು ಉಂಡೆಯಾಗಿರುತ್ತೆ. ಗೆದ್ದಲಿನದ್ದು ಗೆರೆ. ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ, ನೆಲದಿಂದ ಗೋಡೆ ಹಿಡಿದು ಮೇಲಕ್ಕೆ. ಅಷ್ಟು ವ್ಯತ್ಯಾಸ ನೋಡೋಕೆ ನನಗೆ ಪುರುಸೊತ್ತಿರಲಿಲ್ಲ. ವರ್ಷ ಕಳೆದ ಮೇಲೆ ಮರದ ಬೀರು ತೆಗೆದರೆ ಅಪ್ಪನ ಡೈರಿಗಳು ಸಾಲಾಗಿ ನಿಂತಿದ್ದವು. ರೆಕ್ಸಿನ್ ರಟ್ಟು ಹಾಗೇ ಇತ್ತು. ತೆರೆದರೆ ಒಳಗೆ ಮಣ್ಣು. ಅಪ್ಪನ ಕೈಬರಹ ಅಂತ ಇವತ್ತು ನನ್ನ ಹತ್ತಿರ ಉಳಿದಿರೋದು ಎರಡು ಪತ್ರ ಮಾತ್ರ.

ಗೆದ್ದಲು ಯಾಕೆ ಸುರಂಗ ಕಟ್ಟುತ್ತೆ? ಅದರ ಮೈ ತೀರಾ ಮೆತ್ತಗೆ. ಗಾಳಿ ಬಿಸಿಲಿಗೆ ಬಿದ್ದರೆ ಒಣಗಿ ಸಾಯುತ್ತೆ, ಇರುವೆಗಳೂ ಬಿಡಲ್ಲ. ಅದಕ್ಕೇ ಮಣ್ಣಿಗೆ ಎಂಜಲು ಕಲಸಿ ಮುಚ್ಚಿದ ರಸ್ತೆ ಮಾಡಿಕೊಂಡು ಓಡಾಡುತ್ತೆ. (ಬಿಳಿ ಇರುವೆ ಅಂತಾರಲ್ಲ, ಅದು ಇರುವೆಯೇ ಅಲ್ಲ. ಜಿರಲೆಯ ನೆಂಟ!) ಸುರಂಗದ ಒಂದು ತುಂಡು ಮುರಿದು ಬಿಡಿ. ಎರಡು ದಿನದಲ್ಲಿ ರಿಪೇರಿ ಆಗಿದ್ದರೆ ಒಳಗೆ ಸಂಚಾರ ಜೋರಾಗಿದೆ ಅಂತ ಅರ್ಥ. ಆಗಿಲ್ಲ ಅಂತ ನಿಶ್ಚಿಂತೆಯಾಗಿ ಕೂರಬೇಡಿ, ಬೇರೆ ದಾರಿ ಹಿಡಿದಿರಬಹುದು.

ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಮಳೆಹುಳ ಇದೆಯಲ್ಲ, ಅದು ರೆಕ್ಕೆ ಬಂದ ಗೆದ್ದಲೇ. ಹೊಸ ಸಂಸಾರ ಹೂಡೋಕೆ ಹೊರಟ ರಾಜ ರಾಣಿಯರು. ಹೊರಗಿನಿಂದ ಬಂದರೆ ಭಯವಿಲ್ಲ. ಕಿಟಕಿ ಬಾಗಿಲು ಮುಚ್ಚಿದ್ದಾಗಲೂ ಮನೆಯೊಳಗೆ ಒಂದೇ ಅಳತೆಯ ರೆಕ್ಕೆಗಳು ರಾಶಿ ಬಿದ್ದಿದ್ದರೆ ಮಾತ್ರ ಅವು ಎದ್ದಿದ್ದೇ ನಿಮ್ಮ ಮನೆಯಿಂದ.

ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಅನುಮಾನ ಪಡಿ. ಅದು ಮೇಲಿನ ಬಣ್ಣ ಬಿಟ್ಟು ಒಳಗಿನದ್ದು ತಿನ್ನುತ್ತೆ. ಕುರ್ಚಿ ಮಂಚದ ಕೆಳಗೆ ರವೆಯಂಥ ಸಣ್ಣ ಕಾಳು ಉದುರಿದ್ದರೆ ಅದು ಒಣಮರದ ಗೆದ್ದಲಿನ ಹಿಕ್ಕೆ. ಈ ಜಾತಿಗೆ ಮಣ್ಣಿನ ಸಹವಾಸವೇ ಬೇಡ.

ಆಮೇಲೆ ನಾವು ಮಾಡೋದೇನು? ಸೀಮೆಎಣ್ಣೆ ಸುರಿಯೋದು. ಎದುರಿಗಿದ್ದ ನಾಲ್ಕು ಆಳುಗಳು ಸಾಯ್ತವೆ. ನೆಲದಡಿಯ ರಾಣಿ ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತಲೇ ಇರುತ್ತೆ. ಗೋಡೆ ನೆಲ ಕೂಡುವ ಕಡೆ ರಂಧ್ರ ಕೊರೆದು ಮಣ್ಣಿಗೇ ಔಷಧ ಇಳಿಸಬೇಕು, ಅದು ತಿಳಿದವರ ಕೆಲಸ. ಕಟ್ಟಡಗಳಿಗೆ ಇದನ್ನು ಹೇಗೆ ಮಾಡಬೇಕು ಅನ್ನೋದಕ್ಕೆ ಭಾರತೀಯ ಮಾನಕವೇ ಇದೆ, ಐಎಸ್ 6313. ಹೊಸ ಮನೆ ಕಟ್ಟಿಸೋರು ಪಾಯದ ಹಂತದಲ್ಲೇ ಮೇಸ್ತ್ರಿಗೆ ಇದರ ಹೆಸರು ಹೇಳಿ. ಗ್ರಾನೈಟಿಗೆ ಲಕ್ಷ ಸುರಿಯುವಾಗ ಇದೊಂದು ಖರ್ಚು ಭಾರವಾಗಲ್ಲ.

ನಮ್ಮನೇಲಿ ಆ ಬೀರು ಈಗ ಗೋಡೆಯಿಂದ ಒಂದು ಗೇಣು ಮುಂದೆ ನಿಂತಿದೆ. ಸೋರುತ್ತಿದ್ದ ಪೈಪು ಸರಿಯಾಗಿದೆ, ಗೋಡೆಗೆ ಒರಗಿಸಿದ್ದ ಸೌದೆ ಕೊಟ್ಟಿಗೆ ಸೇರಿದೆ. ತೋಟದ ಬದುವಿನ ಹುತ್ತವನ್ನು ಮಾತ್ರ ಮುಟ್ಟಿಲ್ಲ. ಬಿದ್ದ ಸೋಗೆ, ಕಡ್ಡಿ ತಿಂದು ಮಣ್ಣು ಮಾಡೋದು ಅದರ ಕೆಲಸ, ಮಾಡಿಕೊಳ್ಳಲಿ. ಅಮ್ಮ ಹಾಲೆರೆಯೋದು ಅಲ್ಲಿಗೇ. ಬರುವಾಗ ಕ್ಯಾಲೆಂಡರ್ ಎತ್ತಿ ಹಿಂದೆ ನೋಡ್ತಾರೆ.